ಲೇಖಕ ಸಾನ್ನಿಧ್ಯ: ಶಾಸ್ತ್ರ ಬರಹದಲ್ಲಿ ಬರೆದವರ ಇರವು

ಲೇಖಕ ಸಾನ್ನಿಧ್ಯ ಎಂದರೆ ಶಾಸ್ತ್ರ ಬರಹವೊಂದರಲ್ಲಿ ಅದನ್ನು ಬರೆದವರು ತಮ್ಮ ಇರವನ್ನು, ತಮ್ಮ ನಿಲುವನ್ನು, ಓದುಗರೊಡನೆ ತಮಗಿರುವ ನಂಟನ್ನು ಭಾಷೆಯ ಮೂಲಕ ತೋರಗೊಡುವ ಅಥವಾ ಮರೆಮಾಡುವ ರೀತಿ. ಸಂಶೋಧನ ಲೇಖನ, ಮಹಾಪ್ರಬಂಧ, ವ್ಯಾಕರಣ, ಟೀಕೆ, ಗೆಝೆಟಿಯರ್, ಜಾನಪದ ಸಂಕಲನ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಈ ವಿಷಯದ ಅಧ್ಯಯನ ಇಂಗ್ಲಿಷಿನಲ್ಲಿ ಬಹಳವಾಗಿ ನಡೆದಿದೆ. ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಬರಹಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ಬೆಳೆದಿದೆ. ಕನ್ನಡದ ಶಾಸ್ತ್ರ ಬರಹಕ್ಕೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದ್ದು, ಅದರಲ್ಲಿ ಬರೆದವರ ಇರವು ಸರ್ವನಾಮಕ್ಕಿಂತ ಹೆಚ್ಚಾಗಿ ಕ್ರಿಯಾಪದದ ತುದಿಯಲ್ಲೂ ಪುಸ್ತಕದ ಮೊದಲ ಪುಟಗಳಲ್ಲೂ ಕಾಣಿಸುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳು ಈ ವಿಷಯಕ್ಕೆ ಒಳ್ಳೆಯ ಉದಾಹರಣೆಗಳನ್ನು ಒದಗಿಸುತ್ತವೆ. ಕರಾವಳಿಯ ಈ ಕಿರಿದಾದ ಪಟ್ಟಿಗೆ ಸೇರಿದ ಶಾಸ್ತ್ರ ಬರಹಗಳಲ್ಲಿ ಸಂಸ್ಕೃತ ಸೂತ್ರಗಳಲ್ಲಿ ರಚಿತವಾದ ಕನ್ನಡ ವ್ಯಾಕರಣವಿದೆ, ಇಂಗ್ಲಿಷ್ ದಿನಚರಿಯಿದೆ, ಸರ್ಕಾರಿ ಗೆಝೆಟಿಯರ್ ಇದೆ, ಕನ್ನಡ ಜಾನಪದ ಸಂಕಲನಗಳಿವೆ. ಒಂದೊಂದರಲ್ಲೂ ಬರೆದವರು ನಿಂತಿರುವ ಜಾಗ ಬೇರೆ.

ಪರಿಭಾಷೆ

ಬರೆದವರು ತಮ್ಮನ್ನು ನೇರವಾಗಿ ಹೆಸರಿಸುವುದು ‘ಸ್ವೋಲ್ಲೇಖ’: ‘ನಾನು’, ‘ನಾವು’, ‘ಪ್ರಸ್ತುತ ಲೇಖಕ’, ‘ಸಂಶೋಧಕಿ’ ಮುಂತಾದವು. ಹೇಳುವ ಮಾತಿನ ಖಚಿತತೆಯನ್ನು ಇಳಿಸುವ ನುಡಿ ‘ತಗ್ಗುನುಡಿ’ (‘ಇರಬಹುದು’, ‘ಎಂದು ತೋರುತ್ತದೆ’). ಏರಿಸುವ ನುಡಿ ‘ಒತ್ತುನುಡಿ’ (‘ನಿಸ್ಸಂದೇಹವಾಗಿ’, ‘ಎನ್ನದೆ ವಿಧಿಯಿಲ್ಲ’). ವಿಷಯವನ್ನು ಬಿಟ್ಟು ಬರಹವನ್ನೇ ಕುರಿತು ಆಡುವ ಮಾತು ‘ಮೇಲ್ಮಾತು’ (‘ಹಿಂದಿನ ಅಧ್ಯಾಯದಲ್ಲಿ ಹೇಳಿದಂತೆ’). ಅರಿಕೆ, ಮುನ್ನುಡಿ, ಕೃತಜ್ಞತೆ, ಘೋಷಣೆ, ಬೆನ್ನುಡಿ ಮೊದಲಾದ, ಗ್ರಂಥದ ಒಡಲಿನ ಹೊರಗೆ ನಿಲ್ಲುವ ಭಾಗಗಳನ್ನು ಇಲ್ಲಿ ‘ಹೊಸ್ತಿಲ ಪುಟ’ ಎಂದು ಕರೆಯಲಾಗಿದೆ.

ಸಾನ್ನಿಧ್ಯ ಮತ್ತು ಕರ್ತೃತ್ವ ಒಂದೇ ಅಲ್ಲ. ಗ್ರಂಥವನ್ನು ಬರೆದವರು ಯಾರು ಎಂಬುದು ಕರ್ತೃತ್ವದ ಪ್ರಶ್ನೆ. ಬರೆದವರು ಬರಹದೊಳಗೆ ಹೇಗೆ ಕಾಣುತ್ತಾರೆ ಎಂಬುದು ಸಾನ್ನಿಧ್ಯದ ಪ್ರಶ್ನೆ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ದಲ್ಲಿ ಇವೆರಡೂ ಹೆಣೆದುಕೊಂಡಿವೆ. ಅದು ರಾಷ್ಟ್ರಕೂಟ ದೊರೆ ನೃಪತುಂಗನ ಅನುಮತವನ್ನು ಮುಂದಿಟ್ಟುಕೊಂಡು ಮಾತನಾಡುತ್ತದೆ. ಬರೆದವನು ದೊರೆಯೇ, ಆಸ್ಥಾನದ ಶ್ರೀವಿಜಯನೇ ಎಂಬ ಚರ್ಚೆ ಬಹುಕಾಲ ನಡೆದದ್ದಕ್ಕೆ ಕಾರಣವೂ ಅದೇ: ಅಲ್ಲಿ ಮಾತಿನ ಅಧಿಕಾರ ಒಬ್ಬನದು, ಮಾತು ಜೋಡಿಸಿದ ಕೈ ಇನ್ನೊಬ್ಬನದಾಗಿರುವ ಸಾಧ್ಯತೆಯನ್ನು ಗ್ರಂಥವೇ ತೆರೆದಿಟ್ಟಿದೆ. ಇಂದು ಹೆಚ್ಚಿನ ವಿದ್ವಾಂಸರು ಶ್ರೀವಿಜಯನ ಪರವಾಗಿದ್ದಾರೆ.

ಕನ್ನಡ ಶಾಸ್ತ್ರ ಪರಂಪರೆ

ಹಳಗನ್ನಡ ಶಾಸ್ತ್ರಕಾರರಲ್ಲಿ ತನ್ನನ್ನು ತೆರೆದು ತೋರಿದವನು ಕೇಶಿರಾಜ. ಸುಮಾರು 1260ರ ‘ಶಬ್ದಮಣಿದರ್ಪಣ’ದ ಪೀಠಿಕೆಯಲ್ಲಿ ಅವನು ತಾನು ಕವಿ ಸುಮನೋಬಾಣನ ಮಗಳ ಮಗನೆಂದೂ ಮಲ್ಲಿಕಾರ್ಜುನನ ಮಗನೆಂದೂ ಹೇಳಿಕೊಳ್ಳುತ್ತಾನೆ. ತಾನು ಲಕ್ಷ್ಯವಾಗಿ ಹಿಡಿದ ಕವಿಗಳನ್ನು ಹೆಸರಿಸುತ್ತಾನೆ. ದೋಷವಿದ್ದರೆ ತಿದ್ದಬೇಕೆಂದು ತಿಳಿದವರನ್ನು ಕೇಳಿಕೊಳ್ಳುತ್ತಾನೆ. ವಂಶ, ಆಧಾರ, ವಿನಯ ಈ ಮೂರೂ ಪೀಠಿಕೆಯಲ್ಲೇ ಮುಗಿಯುತ್ತವೆ. ಸೂತ್ರಗಳು ಆರಂಭವಾದ ಮೇಲೆ ವ್ಯಾಕರಣವೇ ಮಾತನಾಡುತ್ತದೆ. ಇಂದಿನ ಕನ್ನಡ ಮಹಾಪ್ರಬಂಧದ ‘ಅರಿಕೆ’ಯಲ್ಲಿ ಬರುವುದೂ ಹೆಚ್ಚುಕಡಿಮೆ ಇದೇ: ಗುರುವಿನ ಹೆಸರು, ನೆರವಾದವರ ಹೆಸರು, ತಪ್ಪಿಗೆ ಕ್ಷಮೆ. ಏಳುನೂರೈವತ್ತು ವರ್ಷಗಳ ಈ ಮುಂದುವರಿಕೆ ಗಮನಾರ್ಹ.

ಹಾಡುವಳ್ಳಿ ಮತ್ತು ಭಟ್ಟಾಕಳಂಕ

ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಇನ್ನೊಂದು ಹೆಸರು ಸಂಗೀತಪುರ. ಇಲ್ಲಿನ ಜೈನ ಮಠದ ಗುರು ಅಕಳಂಕದೇವನ ಶಿಷ್ಯ ಭಟ್ಟಾಕಳಂಕದೇವ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದನು. ಕನ್ನಡ ಭಾಷೆಯ ಈ ವ್ಯಾಕರಣ ಸಂಸ್ಕೃತದಲ್ಲಿದೆ. ನಾಲ್ಕು ಪಾದಗಳಲ್ಲಿ 592 ಸೂತ್ರಗಳು. ಅವುಗಳ ಮೇಲೆ ‘ಭಾಷಾಮಂಜರಿ’ ಎಂಬ ವೃತ್ತಿ. ವೃತ್ತಿಯ ಮೇಲೆ ‘ಮಂಜರೀಮಕರಂದ’ ಎಂಬ ವ್ಯಾಖ್ಯಾನ. ಮೂರನ್ನೂ ಬರೆದವನು ಅವನೇ. ಬಿ. ಎಲ್. ರೈಸ್ 1890ರಲ್ಲಿ ಇದನ್ನು ಬೆಂಗಳೂರಿನಲ್ಲಿ ಅಚ್ಚುಮಾಡಿಸಿದರು, ಆರ್. ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿ 1923ರಲ್ಲಿ ಬಂತು.

ಒಬ್ಬನೇ ಲೇಖಕ ಮೂರು ಮಜಲುಗಳಲ್ಲಿ ಬರೆದಿರುವುದರಿಂದ ಅವನ ಇರವೂ ಮೂರು ಬಗೆಯದು. ಸೂತ್ರದಲ್ಲಿ ಅವನು ಇಲ್ಲವೇ ಇಲ್ಲ. ಅಕ್ಷರಗಳ ಉಳಿತಾಯವೇ ಸೂತ್ರದ ಗುಣವಾದ್ದರಿಂದ ಅಲ್ಲಿ ಹೇಳುವವನಿಗೆ ಜಾಗವಿರುವುದಿಲ್ಲ. ವೃತ್ತಿಯಲ್ಲಿ ಅವನು ಪಾಠ ಹೇಳುವವನು: ಸೂತ್ರವನ್ನು ಬಿಡಿಸಿ, ಉದಾಹರಣೆ ಕೊಡುತ್ತಾನೆ, ಉದಾಹರಣೆಗಳು ಹಳೆಯ ಕನ್ನಡ ಕವಿಗಳವು. ವ್ಯಾಖ್ಯಾನಕ್ಕೆ ಬಂದಾಗ ಅವನು ವಾದಿ. ಸಂಸ್ಕೃತ ಶಾಸ್ತ್ರದ ಕ್ರಮದಂತೆ ಮೊದಲು ಪೂರ್ವಪಕ್ಷ: ಎದುರಾಳಿಯ ಆಕ್ಷೇಪವನ್ನು ತಾನೇ ಎತ್ತಿ ನಿಲ್ಲಿಸುತ್ತಾನೆ. ಅನಂತರ ಸಿದ್ಧಾಂತ: ಅದನ್ನು ತಾನೇ ಕೆಡವುತ್ತಾನೆ.

ಈ ವ್ಯಾಖ್ಯಾನದ ಪ್ರಸಿದ್ಧ ಭಾಗವೊಂದು ಕನ್ನಡದ ಯೋಗ್ಯತೆಯನ್ನು ಕುರಿತದ್ದು. ಕನ್ನಡ ಶಾಸ್ತ್ರಕ್ಕೆ ಉಪಯೋಗವಾಗದ ಭಾಷೆ ಎಂಬ ಆಕ್ಷೇಪವನ್ನು ಭಟ್ಟಾಕಳಂಕ ಅಲ್ಲಗಳೆಯುತ್ತಾನೆ. ತತ್ತ್ವಾರ್ಥ ಮಹಾಶಾಸ್ತ್ರದ ಮೇಲೆ 96,000 ಶ್ಲೋಕ ಪ್ರಮಾಣದ ‘ಚೂಡಾಮಣಿ’ ಎಂಬ ವ್ಯಾಖ್ಯಾನ ಕನ್ನಡದಲ್ಲಿ ಇದೆಯೆಂದು ತೋರಿಸುತ್ತಾನೆ. ವ್ಯಾಕರಣ, ತರ್ಕ, ಪರಮಾಗಮ ಮೊದಲಾದ ವಿಷಯಗಳ ಬೇರೆ ಕನ್ನಡ ಗ್ರಂಥಗಳನ್ನೂ ಸಾಕ್ಷಿಗೆ ಕರೆಯುತ್ತಾನೆ. ತನ್ನ ನುಡಿಯ ಮೇಲಿನ ಅವನ ಪ್ರೀತಿ ಈ ಭಾಗದಲ್ಲಿ ಎದ್ದು ಕಾಣುತ್ತದೆ. ಆದರೂ ಅದು ವಾದದ ಕಟ್ಟಿನಿಂದ ಬಂದದ್ದು, ಉತ್ತಮ ಪುರುಷದ ಸರ್ವನಾಮದಿಂದ ಅಲ್ಲ. ಯಾವ ಆಕ್ಷೇಪವನ್ನು ಎತ್ತಿಕೊಳ್ಳಬೇಕು, ಯಾವ ಸಾಕ್ಷಿಯನ್ನು ಕರೆಯಬೇಕು ಎಂಬ ಆಯ್ಕೆಯಲ್ಲೇ ಲೇಖಕ ಇದ್ದಾನೆ. ‘ನಾನು’ ಎಂಬ ಪದವನ್ನು ಎಣಿಸಿ ಲೇಖಕ ಸಾನ್ನಿಧ್ಯವನ್ನು ಅಳೆಯುವ ವಿಧಾನ ಇಂಥ ಗ್ರಂಥದ ಮುಂದೆ ಸಾಲದಾಗುತ್ತದೆ.

ಭಟ್ಕಳಕ್ಕೆ ಈ ವೈಯಾಕರಣನಿಂದಲೇ ಹೆಸರು ಬಂತೆಂಬ ಹೇಳಿಕೆ ಪ್ರಚಾರದಲ್ಲಿದೆ. 16ನೆಯ ಶತಮಾನದ ಆರಂಭದ ಪೋರ್ಚುಗೀಸ್ ಬರಹಗಳಲ್ಲೇ ಊರಿನ ಹೆಸರು ‘ಬಾತಿಕಲಾ’ ಎಂಬ ರೂಪದಲ್ಲಿ ಇರುವುದರಿಂದ ಅದು ನಿಲ್ಲುವುದಿಲ್ಲ.

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಗೆ ಸೇರಿದ ಅಭಿನವ ವಾದಿ ವಿದ್ಯಾನಂದನ ‘ಕಾವ್ಯಸಾರ’ ಇನ್ನೊಂದು ತುದಿಯ ಉದಾಹರಣೆ. 16ನೆಯ ಶತಮಾನದ ಈ ಸಂಕಲನ ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಜೋಡಿಸಿದೆ. ಮಾತೆಲ್ಲ ಪರರದು, ಆಯ್ಕೆ ಮತ್ತು ಅನುಕ್ರಮ ಮಾತ್ರ ಸಂಕಲನಕಾರನದು.

ಒಂದೇ ಕರಾವಳಿ, ಎರಡು ಬಗೆಯ ಇಂಗ್ಲಿಷ್

ಈ ಪ್ರದೇಶವನ್ನು ಕುರಿತ ಎರಡು ಇಂಗ್ಲಿಷ್ ಗ್ರಂಥಗಳು ಸಾನ್ನಿಧ್ಯದ ಎರಡು ವಿರುದ್ಧ ಮಾದರಿಗಳು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇರೆಗೆ ಮದರಾಸಿನಿಂದ ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಭಟ್ಕಳ, ಹೊನ್ನಾವರ, ಮಿರ್ಜಾನ, ಗೋಕರ್ಣಗಳ ಮೇಲೆ ಹಾದುಹೋದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಅವನ ಗ್ರಂಥ ದಿನಾಂಕ ಹಾಕಿದ ದಿನಚರಿಯ ರೂಪದಲ್ಲಿದೆ. ಎಷ್ಟು ದೂರ ನಡೆದೆ, ಯಾರನ್ನು ವಿಚಾರಿಸಿದೆ, ಯಾವ ಮಾತನ್ನು ನಂಬಲಿಲ್ಲ ಎಂಬುದೆಲ್ಲ ಅದರಲ್ಲಿ ಉತ್ತಮ ಪುರುಷದಲ್ಲಿ ಬರುತ್ತದೆ. ಬೆಳೆ, ಗೇಣಿ, ಜಾತಿ, ದೇವಸ್ಥಾನಗಳ ವಿವರಕ್ಕೆ ನೋಡಿದವನ ಕಣ್ಣೇ ಆಧಾರ, ಕೇಳಿದವನ ಕಿವಿಯೇ ಆಧಾರ.

ಉತ್ತರ ಕನ್ನಡ 1862ರಲ್ಲಿ ಮದರಾಸು ಆಡಳಿತದಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದ ಮುಂಬಯಿ ಗೆಝೆಟಿಯರ್ ಮಾಲೆಯ 15ನೆಯ ಸಂಪುಟ, ‘ಕೆನರಾ’, 1883ರಲ್ಲಿ ಎರಡು ಭಾಗಗಳಲ್ಲಿ ಹೊರಬಂತು. ಇಲ್ಲಿ ನೋಡಿದವನು ಇಲ್ಲ. ಹೊನ್ನಾವರದ ಬಂದರು, ಕುಮಟೆಯ ಹತ್ತಿ ವ್ಯಾಪಾರ, ಭಟ್ಕಳದ ಬಸದಿಗಳು ಎಲ್ಲವೂ ಒಂದೇ ಸಮನಾದ, ಹೆಸರಿಲ್ಲದ ದನಿಯಲ್ಲಿ ಬರುತ್ತವೆ. ಅದು ಸರ್ಕಾರದ ದನಿ. ಬುಕಾನನ್ನನ ಮಾತನ್ನು ಒಪ್ಪದವರು ಅವನು ತಪ್ಪು ತಿಳಿದನೆನ್ನಬಹುದು. ಗೆಝೆಟಿಯರಿನ ಮಾತಿನ ಹಿಂದೆ ಪ್ರಶ್ನಿಸಲು ಒಬ್ಬ ವ್ಯಕ್ತಿಯೂ ಸಿಗುವುದಿಲ್ಲ. ಲೇಖಕನನ್ನು ಮರೆಮಾಡುವುದರಿಂದ ಬರಹ ನಿಷ್ಪಕ್ಷಪಾತವಾಗುತ್ತದೆ ಎಂಬ ನಂಬಿಕೆಯನ್ನು ಈ ಎರಡು ಗ್ರಂಥಗಳ ಹೋಲಿಕೆ ದುರ್ಬಲಗೊಳಿಸುತ್ತದೆ. ಸೂರ್ಯನಾಥ ಕಾಮತರ ಸಂಪಾದಕತ್ವದಲ್ಲಿ 1985ರಲ್ಲಿ ಬಂದ ಉತ್ತರ ಕನ್ನಡ ಜಿಲ್ಲಾ ಗೆಝೆಟಿಯರ್ ಕೂಡ ಪ್ರಕಾರದ ದೃಷ್ಟಿಯಿಂದ ಈ ಎರಡನೆಯ ಬಗೆಗೇ ಸೇರುತ್ತದೆ.

ಇಂಗ್ಲಿಷ್ ಮತ್ತು ಸ್ಪ್ಯಾನಿಷ್

ಇಂಗ್ಲಿಷ್ ವಿಜ್ಞಾನ ಬರಹ ‘ನಾನು’ವಿನಿಂದಲೇ ಆರಂಭವಾಯಿತು. 1665ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯ ಮೊದಲ ಕಾಲದ ಬರಹಗಳಲ್ಲಿ ಬಹಳಷ್ಟು ಕಾಗದಗಳ ರೂಪದವು. ಪ್ರಯೋಗ ಮಾಡಿದವನು ತಾನು ಕಂಡದ್ದನ್ನು ತಾನೇ ಹೇಳುತ್ತಿದ್ದನು. ಮುಂದಿನ ಎರಡು ಶತಮಾನಗಳಲ್ಲಿ ಗಮನ ಪ್ರಯೋಗಿಸಿದವನಿಂದ ಪ್ರಯೋಗದ ಕಡೆಗೆ ಸರಿದು ಕರ್ಮಣಿ ಪ್ರಯೋಗ ಬಲವಾಯಿತು. ಇಂದು ಗಾಳಿ ಮತ್ತೆ ತಿರುಗಿದೆ: ‘ನೇಚರ್’ ಪತ್ರಿಕೆಯೂ ಅಮೆರಿಕದ ಮನೋವಿಜ್ಞಾನ ಸಂಘದ ಬರವಣಿಗೆಯ ಕೈಪಿಡಿಯೂ ಕರ್ತರಿ ಪ್ರಯೋಗವನ್ನು ಪ್ರೋತ್ಸಾಹಿಸುತ್ತವೆ. 1953ರಲ್ಲಿ ಡಿಎನ್‌ಎ ರಚನೆಯನ್ನು ಸೂಚಿಸಿದ ವಾಟ್ಸನ್ ಮತ್ತು ಕ್ರಿಕ್ ಅವರ ಲೇಖನದ ಮೊದಲ ಪದವೇ ‘ನಾವು’.

ಆಧುನಿಕ ಅಧ್ಯಯನದಲ್ಲಿ ಮುಖ್ಯ ಹೆಸರು ಕೆನ್ ಹೈಲ್ಯಾಂಡ್. ಎಂಟು ಜ್ಞಾನಶಾಖೆಗಳ 240 ಸಂಶೋಧನ ಲೇಖನಗಳನ್ನು ಆಧರಿಸಿದ 2001ರ ಅಧ್ಯಯನದಲ್ಲಿ ಅವರು ಸ್ವೋಲ್ಲೇಖ ಮಾನವಿಕ ಮತ್ತು ಸಮಾಜ ವಿಜ್ಞಾನಗಳಲ್ಲಿ ಹೆಚ್ಚು, ವಿಜ್ಞಾನ ಮತ್ತು ಎಂಜಿನಿಯರಿಂಗ್‌ನಲ್ಲಿ ಕಡಿಮೆ ಎಂದು ತೋರಿಸಿದರು. ಹಾಂಗ್‌ಕಾಂಗ್ ವಿದ್ಯಾರ್ಥಿಗಳ ಪ್ರಬಂಧಗಳನ್ನು ನೋಡಿದಾಗ, ಪಳಗಿದ ವಿದ್ವಾಂಸರು ವಾದ ಮಂಡಿಸುವ ಕಡೆಯಲ್ಲೇ ‘ನಾನು’ ಎಂದರೆ ವಿದ್ಯಾರ್ಥಿಗಳು ಆ ಜಾಗದಲ್ಲೇ ಹಿಂದೆ ಸರಿಯುವುದು ಕಂಡುಬಂತು. ರೋಝ್ ಇವಾನಿಚ್ 1998ರ ತಮ್ಮ ಗ್ರಂಥದಲ್ಲಿ ಬರಹದೊಳಗಿನ ವ್ಯಕ್ತಿಯನ್ನು ಮೂರಾಗಿ ಬಿಡಿಸಿದರು: ಬದುಕಿನಿಂದ ಬಂದ ವ್ಯಕ್ತಿ, ಬರಹದಲ್ಲಿ ಮೂಡುವ ವ್ಯಕ್ತಿ, ಮಾತಿಗೆ ಹೊಣೆಯಾಗುವ ಲೇಖಕ. ಟ್ಯಾಂಗ್ ಮತ್ತು ಜಾನ್ 1999ರಲ್ಲಿ ‘ನಾನು’ವಿನ ಆರು ಪಾತ್ರಗಳನ್ನು ಗುರುತಿಸಿದರು, ಅವುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದದ್ದು ಎಲ್ಲರ ಪ್ರತಿನಿಧಿಯಾಗಿ ಮಾತನಾಡುವ ‘ನಾವು’, ಎಲ್ಲಕ್ಕಿಂತ ಬಲವಾದದ್ದು ಹೊಸ ವಿಚಾರವನ್ನು ಹುಟ್ಟಿಸಿದ ‘ನಾನು’.

ಸ್ಪ್ಯಾನಿಷಿನಲ್ಲಿ ಕ್ರಿಯಾಪದದ ತುದಿಯೇ ಪುರುಷ ಮತ್ತು ವಚನವನ್ನು ಹೇಳುವುದರಿಂದ ಸರ್ವನಾಮ ಬೇಕಾಗುವುದಿಲ್ಲ. ‘ಪ್ರೊಪೊನೆಮೋಸ್’ ಎಂದರೆ ‘ಸೂಚಿಸುತ್ತೇವೆ’. ‘ನಾವು’ ಅದರೊಳಗೇ ಅಡಗಿದೆ. ಒಬ್ಬನೇ ಬರೆದಾಗಲೂ ಬಹುವಚನ ಬಳಸುವ ವಾಡಿಕೆಗೆ ಅಲ್ಲಿ ‘ವಿನಯದ ಬಹುವಚನ’ ಎಂಬ ಹೆಸರಿದೆ. ಮೂರನೆಯ ದಾರಿ ‘ಸೆ’ ಎಂಬ ಪದಾಂಶ ಸೇರಿಸಿದ ರಚನೆ: ‘ಸೆ ಪ್ರೊಪೋನೆ’, ಅಂದರೆ ‘ಸೂಚಿಸಲಾಗಿದೆ’. ಸರಗೋಸಾ ವಿಶ್ವವಿದ್ಯಾಲಯದ ಪಿಲಾರ್ ಮುರ್ ದುವೆನ್ಯಾಸ್ 2007ರಲ್ಲಿ ವ್ಯವಹಾರ ನಿರ್ವಹಣೆಯ ಲೇಖನಗಳನ್ನು ಹೋಲಿಸಿ, ಸ್ವೋಲ್ಲೇಖ ಇಂಗ್ಲಿಷಿನಲ್ಲಿ ಸ್ಪ್ಯಾನಿಷಿಗಿಂತ ಹೆಚ್ಚು ಎಂದು ಕಂಡುಕೊಂಡರು. ವಿಷಯ ಒಂದೇ ಆದರೂ ಬೇರೆ ಬೇರೆ ಓದುಗ ಸಮುದಾಯಗಳು ಲೇಖಕರಿಂದ ನಿರೀಕ್ಷಿಸುವುದು ಬೇರೆ ಎಂಬುದು ಈ ಬಗೆಯ ಅಧ್ಯಯನಗಳ ತಿರುಳು. ಒಂದೊಂದು ಭಾಷೆಗೂ ಒಂದೊಂದು ಆಲೋಚನೆಯ ರೇಖೆಯಿದೆ ಎಂದು 1966ರಲ್ಲಿ ಚಿತ್ರ ಬರೆದು ತೋರಿಸಿದ ರಾಬರ್ಟ್ ಕ್ಯಾಪ್ಲಾನ್ ಅವರ ವಾದವನ್ನು ಇಂದು ಅದೇ ರೂಪದಲ್ಲಿ ಯಾರೂ ಹಿಡಿಯುವುದಿಲ್ಲ. ಅವರೇ ಮುಂದೆ ಅದನ್ನು ಸಡಿಲಿಸಿದರು.

ಕನ್ನಡದಲ್ಲಿ ರಚನೆ

ಕನ್ನಡ ಈ ವಿಷಯದಲ್ಲಿ ಇಂಗ್ಲಿಷಿಗಿಂತ ಸ್ಪ್ಯಾನಿಷಿಗೆ ಹತ್ತಿರ. ‘ಗಮನಿಸಿದ್ದೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ಹಾಕಿದರೆ ಅದು ಒತ್ತಾಗುತ್ತದೆ. ಆದ್ದರಿಂದ ಕನ್ನಡ ಬರಹದಲ್ಲಿ ‘ನಾನು’ ಕಡಿಮೆ ಎಂದರೆ ಲೇಖಕ ಕಾಣೆಯಾಗಿದ್ದಾನೆ ಎಂದರ್ಥವಲ್ಲ.

ಲೇಖಕ ನಿಜವಾಗಿ ಕಾಣೆಯಾಗುವುದು ‘-ಲಾಗು’ ರಚನೆಯಲ್ಲಿ. ‘ಹಾಡುಗಳನ್ನು ಸಂಗ್ರಹಿಸಲಾಗಿದೆ’ ಎಂಬ ವಾಕ್ಯವನ್ನು ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆ ಸಮವೆಂದು ಪಾಠ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಇಂಗ್ಲಿಷಿನಲ್ಲಿ ಕರ್ಮಪದ ಕರ್ತೃವಿನ ಸ್ಥಾನಕ್ಕೆ ಏರುತ್ತದೆ, ಬೇಕೆಂದರೆ ‘ನಮ್ಮಿಂದ’ ಎಂದು ಸೇರಿಸಲೂ ಬರುತ್ತದೆ. ಕನ್ನಡದ ಈ ವಾಕ್ಯದಲ್ಲಿ ‘ಹಾಡುಗಳನ್ನು’ ಎಂಬ ದ್ವಿತೀಯಾ ವಿಭಕ್ತಿ ಹಾಗೆಯೇ ಉಳಿದಿದೆ. ಕರ್ತೃವಿನ ಜಾಗ ಖಾಲಿ. ‘ನಮ್ಮಿಂದ ಹಾಡುಗಳನ್ನು ಸಂಗ್ರಹಿಸಲಾಗಿದೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಮಾಡಿದವರನ್ನು ಸೇರಿಸಲು ‘ಸಂಗ್ರಹಿಸಲ್ಪಟ್ಟಿವೆ’ ಎಂಬ ‘-ಪಡು’ ರೂಪಕ್ಕೆ ಹೋಗಬೇಕು, ಅದು ಬರಹದಲ್ಲಿ ಮಾತ್ರ ಬದುಕಿರುವ ರೂಪ. ಹೀಗಾಗಿ ‘-ಲಾಗು’ ಸ್ಪ್ಯಾನಿಷಿನ ‘ಸೆ’ ರಚನೆಯ ಜೊತೆಗಾರ. ಕನ್ನಡ ಮಹಾಪ್ರಬಂಧಗಳ ಗದ್ಯದಲ್ಲಿ ‘ಚರ್ಚಿಸಲಾಗಿದೆ’, ‘ವಿಶ್ಲೇಷಿಸಲಾಗಿದೆ’, ‘ಗುರುತಿಸಲಾಗಿದೆ’ಗಳು ಸಾಲುಗಟ್ಟುವುದರಿಂದ ಯಾವುದು ಸಂಶೋಧಕರ ಸ್ವಂತ ಕೆಲಸ, ಯಾವುದು ಹಿಂದಿನವರು ಮಾಡಿದ್ದು ಎಂಬ ಗೆರೆ ಅಳಿಸಿಹೋಗುವ ಅಪಾಯವಿದೆ. ಮೌಲ್ಯಮಾಪನಕ್ಕೆ ಒಳಗಾಗುವ ಬರಹದಲ್ಲಿ ಇದು ಸಣ್ಣ ದೋಷವಲ್ಲ.

ಪ್ರಥಮ ಪುರುಷದ ಸ್ವೋಲ್ಲೇಖಕ್ಕೆ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ನಾನು’ ಎಂದಾಗ ಕ್ರಿಯಾಪದಕ್ಕೆ ಲಿಂಗಭೇದವಿಲ್ಲ. ‘ಸಂಶೋಧಕ ಭೇಟಿ ನೀಡಿದ್ದಾನೆ’, ‘ಸಂಶೋಧಕಿ ಭೇಟಿ ನೀಡಿದ್ದಾಳೆ’ ಎಂದಾಗ ಲಿಂಗ ಹೊರಬೀಳುತ್ತದೆ. ತನ್ನನ್ನು ಹಿಂದಿಡಲು ಆರಿಸಿದ ರೂಪವೇ ಬರೆದವರ ಬಗ್ಗೆ ಹೆಚ್ಚು ಹೇಳಿಬಿಡುತ್ತದೆ. ‘ಸಂಶೋಧಕರು’ ಎಂದರೆ ಲಿಂಗ ಮರೆಯಾಗುತ್ತದೆ, ಆದರೆ ತನಗೆ ತಾನೇ ಗೌರವ ಕೊಟ್ಟುಕೊಂಡಂತಾಗುತ್ತದೆ. ಸ್ಪ್ಯಾನಿಷಿನಲ್ಲೂ ಲೇಖಕ ‘ಎಲ್ ಆಉತೊರ್’, ಲೇಖಕಿ ‘ಲಾ ಆಉತೊರಾ’; ಇಂಗ್ಲಿಷಿನ ‘ದಿ ಆಥರ್’ಗೆ ಈ ಕಷ್ಟವಿಲ್ಲ.

ತಗ್ಗುನುಡಿಗೆ ಕನ್ನಡದ ಸಂಪತ್ತು ದೊಡ್ಡದು. ‘ಇರಬಹುದು’ ಸಾಧ್ಯತೆ, ‘ಆದೀತು’, ‘ಇದ್ದೀತು’ ಎಂಬ ಸಂಭಾವನಾರ್ಥಕ ರೂಪಗಳು ಇನ್ನೂ ನಯವಾದ ಊಹೆ. ‘ನನಗೆ ತೋರುತ್ತದೆ’ ಎಂಬಲ್ಲಿ ಬರೆದವರು ಚತುರ್ಥೀ ವಿಭಕ್ತಿಯಲ್ಲಿ ನಿಲ್ಲುತ್ತಾರೆ: ಅಭಿಪ್ರಾಯವನ್ನು ಅವರು ಮಾಡಿದ್ದಲ್ಲ, ಅದು ಅವರಿಗೆ ಬಂದದ್ದು. ಸ್ಪ್ಯಾನಿಷಿನ ‘ಮೆ ಪರೇಸೆ’ಯದೂ ಇದೇ ಕಟ್ಟು. ‘ನನಗೆ’ಯನ್ನೂ ಬಿಟ್ಟರೆ ಉಳಿಯುವುದು ‘ಎಂದು ತೋರುತ್ತದೆ’: ಯಾರಿಗೆ ಎಂಬುದು ಓದುಗರೇ ತುಂಬಿಕೊಳ್ಳಬೇಕಾದ ಮಾತು. ಕವಿಗಳ ಕಾಲನಿರ್ಣಯದಂಥ ಊಹೆಯ ಕ್ಷೇತ್ರಕ್ಕೆ ಈ ರೂಪ ಹೇಳಿ ಮಾಡಿಸಿದಂತಿದೆ. 1907ರಿಂದ ಮೂರು ಸಂಪುಟಗಳಲ್ಲಿ ಬಂದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಕಾಲದಿಂದ ಸಾಹಿತ್ಯ ಚರಿತ್ರೆಯ ಗದ್ಯ ಇದನ್ನು ನೆಚ್ಚಿಕೊಂಡಿದೆ. ‘-ಅಂತೆ’ ಕೇಳಿದ ಸುದ್ದಿಯನ್ನು ಸೂಚಿಸುತ್ತದೆ. ಮಾತಿನಲ್ಲಿ ಎಷ್ಟು ಉಪಯುಕ್ತವೋ ಶಾಸ್ತ್ರದಲ್ಲಿ ಅಷ್ಟು ನಿಷಿದ್ಧ. ಅದರ ಜಾಗವನ್ನು ‘ಎನ್ನಲಾಗಿದೆ’, ‘ಎಂಬ ಪ್ರತೀತಿಯಿದೆ’ಗಳು ತುಂಬುತ್ತವೆ. ಒತ್ತಿಗೆ ‘-ಏ’ ಎಂಬ ಒಂದಕ್ಷರ ಸಾಕು: ‘ಇದು ಶ್ರೀವಿಜಯನದೇ’.

‘ನಾವು’ ಎಂಬ ಪದಕ್ಕೆ ಈ ಮೂರು ತಾಲ್ಲೂಕುಗಳಲ್ಲಿ ವಿಶೇಷ ಮಹತ್ವವಿದೆ. ಶಿಷ್ಟ ಕನ್ನಡದ ‘ನಾವು’ ಕೇಳುವವರನ್ನು ಸೇರಿಸಿಯೂ ಆಗಬಹುದು, ಬಿಟ್ಟೂ ಆಗಬಹುದು. ಇಂಗ್ಲಿಷಿನ ‘ವೀ’, ಸ್ಪ್ಯಾನಿಷಿನ ‘ನೊಸೋತ್ರೊಸ್’ ಕೂಡ ಹೀಗೆಯೇ. ಹೊನ್ನಾವರ, ಕುಮಟಾ ಭಾಗದಲ್ಲಿ ಬಹಳ ಮನೆಗಳ ಮಾತಾದ ಹವ್ಯಕ ಕನ್ನಡ ಇವೆರಡನ್ನು ಬೇರೆಯಾಗಿ ಇಟ್ಟುಕೊಂಡಿದೆ: ‘ಎಂಗೊ’ ಅಥವಾ ‘ಯಂಗೊ’ ಎಂದರೆ ಕೇಳುವವರನ್ನು ಬಿಟ್ಟು ನಾವು, ‘ನಾವು’ ಎಂದರೆ ಅವರನ್ನೂ ಸೇರಿಸಿ. 1971ರಲ್ಲಿ ಹವ್ಯಕದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರ ಮನೆಮಾತೂ ಹವ್ಯಕವೇ. ನೆರೆಯ ಮರಾಠಿಯಲ್ಲಿ ಇದೇ ಭೇದ ‘ಆಮ್ಹಿ’, ‘ಆಪಣ’ ಎಂದಿದೆ. ಮನೆಯಲ್ಲಿ ಈ ಭೇದವನ್ನು ದಿನವೂ ಆಡುವವರು ಶಿಷ್ಟ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಪ್ರಬಂಧ ಬರೆಯುವಾಗ ಅದನ್ನು ಕೈಬಿಡಬೇಕಾಗುತ್ತದೆ. ‘ನಾವು ಈ ಶಾಸನವನ್ನು ಓದಿದ್ದೇವೆ’ ಎಂಬಲ್ಲಿ ‘ನಾವು’ ಸಂಶೋಧಕರ ತಂಡ. ‘ನಾವು ಇಲ್ಲಿ ನೆನಪಿಡಬೇಕು’ ಎಂಬಲ್ಲಿ ಓದುಗರೂ ಒಳಗೆ. ಎರಡಕ್ಕೂ ಒಂದೇ ಪದ.

ಆದರೆ ಶಿಷ್ಟ ಕನ್ನಡವೂ ಒಂದು ಕಡೆ ಈ ಭೇದವನ್ನು ಉಳಿಸಿಕೊಂಡಿದೆ. ‘ನೋಡೋಣ’, ‘ಗಮನಿಸೋಣ’ ಎಂಬ ‘-ಓಣ’ ರೂಪ ಯಾವಾಗಲೂ ಕೇಳುವವರನ್ನು ಒಳಗೊಳ್ಳುತ್ತದೆ. ಶಾಸ್ತ್ರ ಬರಹದಲ್ಲಿ ಓದುಗರ ಕೈಹಿಡಿದು ಕರೆದೊಯ್ಯುವ ಮುಖ್ಯ ಸಾಧನ ಇದು. ಪಾಠ ಹೇಳುವ ಮೇಷ್ಟರ ದನಿಯನ್ನು ಪುಟಕ್ಕೆ ತರುತ್ತದೆ.

ಹೊಸ್ತಿಲ ಪುಟಗಳು

ಒಡಲಿನಲ್ಲಿ ಹಿಂದೆ ಸರಿದ ಕನ್ನಡ ಲೇಖಕರು ಹೊಸ್ತಿಲಲ್ಲಿ ಪೂರ್ತಿಯಾಗಿ ಎದುರಾಗುತ್ತಾರೆ. ‘ಅರಿಕೆ’, ‘ಮೊದಲ ಮಾತು’, ‘ಲೇಖಕನ ಮಾತು’ ಎಂಬ ತಲೆಬರಹಗಳ ಅಡಿಯಲ್ಲಿ ವಿಷಯ ಹೊಳೆದದ್ದು ಹೇಗೆ, ಯಾರು ಹಸ್ತಪ್ರತಿ ಕೊಟ್ಟರು, ಯಾವ ಊರಲ್ಲಿ ಯಾರ ಮನೆಯಲ್ಲಿ ಉಳಿದದ್ದು ಎಂಬುದೆಲ್ಲ ‘ನಾನು’ವಿನಲ್ಲಿ ಬರುತ್ತದೆ. ಕೊನೆಯಲ್ಲಿ ಊರು, ತಾರೀಕು, ಹೆಸರು. ಕೆಲವರು ತಾರೀಕಿನ ಬದಲು ಯುಗಾದಿ, ದೀಪಾವಳಿ ಎಂದು ಹಬ್ಬವನ್ನೇ ಹಾಕುತ್ತಾರೆ.

‘ಮುನ್ನುಡಿ’ ಇದಕ್ಕಿಂತ ಬೇರೆ. ಅದನ್ನು ಬರೆಯುವುದು ವಾಡಿಕೆಯಂತೆ ಹಿರಿಯರೊಬ್ಬರು, ಅನೇಕ ವೇಳೆ ಗುರುಗಳು. ಲೇಖಕರು ತಮ್ಮ ಬಗ್ಗೆ ಹೇಳಿಕೊಳ್ಳಲಾಗದ ಮಾತನ್ನು, ಅಂದರೆ ಈ ಕೆಲಸ ಹೊಸದು, ಮುಖ್ಯವಾದದ್ದು ಎಂಬುದನ್ನು, ಅವರು ಹೇಳುತ್ತಾರೆ. ಇಂಗ್ಲಿಷ್ ಸಂಶೋಧನ ಲೇಖನದ ಪ್ರಸ್ತಾವನೆಯಲ್ಲಿ ಲೇಖಕರೇ ಹಿಂದಿನ ಅಧ್ಯಯನಗಳ ಕೊರತೆಯನ್ನು ತೋರಿಸಿ ತಮ್ಮ ಜಾಗವನ್ನು ಹಿಡಿಯಬೇಕು. ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮಾದರಿಯ ಸಾರ ಇದೇ. ಕನ್ನಡ ಗ್ರಂಥದಲ್ಲಿ ಆ ಕೆಲಸದ ಒಂದು ಪಾಲು ಮುನ್ನುಡಿಕಾರರ ಕೈಯಲ್ಲಿದೆ. ಹೀಗೆ ಲೇಖಕ ಸಾನ್ನಿಧ್ಯ ಇಬ್ಬರ ನಡುವೆ ಹಂಚಿಹೋಗಿರುವುದರಿಂದ, ಗ್ರಂಥದ ಒಡಲನ್ನು ಮಾತ್ರ ಓದಿ ಕನ್ನಡ ವಿದ್ವಾಂಸರು ಸಂಕೋಚದವರು ಎಂದು ತೀರ್ಮಾನಿಸುವುದು ಸರಿಯಾಗದು.

ವಿಶ್ವಕೋಶಗಳು ಇನ್ನೂ ಬಿಗಿ. ಮೈಸೂರು ವಿಶ್ವವಿದ್ಯಾಲಯದ ‘ಕನ್ನಡ ವಿಶ್ವಕೋಶ’ದಲ್ಲಿ (ಮೊದಲ ಸಂಪುಟ 1969) ಲೇಖಕರು ಲೇಖನದ ತುದಿಯಲ್ಲಿ ಕಂಸದೊಳಗಿನ ಹೆಸರಿನ ಮೊದಲಕ್ಷರಗಳಾಗಿ ಮಾತ್ರ ಉಳಿಯುತ್ತಾರೆ.

ಕ್ಷೇತ್ರಕಾರ್ಯದ ಬರಹ

ಜಾನಪದ ಸಂಗ್ರಹದಲ್ಲಿ ಪ್ರಶ್ನೆ ಕವಲೊಡೆಯುತ್ತದೆ: ಹಾಡಿದವರು ಒಬ್ಬರು, ಬರೆದುಕೊಂಡವರು ಇನ್ನೊಬ್ಬರು, ಸಂಪಾದಿಸಿದವರು ಮತ್ತೊಬ್ಬರು ಇರಬಹುದು. ಕನ್ನಡದಲ್ಲಿ ಇವರಿಗೆ ‘ವಕ್ತೃ’, ‘ಸಂಗ್ರಾಹಕ’, ‘ಸಂಪಾದಕ’ ಎಂಬ ಬೇರೆ ಬೇರೆ ಹೆಸರುಗಳು ನೆಲೆಗೊಂಡಿವೆ. ಕುಮಟೆಯ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ಉತ್ತರ ಕನ್ನಡದ ಹಾಡು, ಕತೆ, ಆಚರಣೆಗಳನ್ನು ದಶಕಗಳ ಕಾಲ ಸಂಗ್ರಹಿಸಿ ಪ್ರಕಟಿಸಿದವರು. ಹಾಲಕ್ಕಿ ಒಕ್ಕಲಿಗರು, ಗ್ರಾಮೊಕ್ಕಲಿಗರು, ನಾಮಧಾರಿಗಳು, ಮುಕ್ರಿಗಳು ಮೊದಲಾದ ಸಮುದಾಯಗಳ ನುಡಿ ಕರಾವಳಿಯ ಬರಹಕ್ಕೆ ಬಂದದ್ದು ಇಂಥ ಕೆಲಸದಿಂದ. ಈ ಪ್ರಕಾರದಲ್ಲಿ ಸಂಗ್ರಾಹಕರು ತಮ್ಮನ್ನು ಮರೆಸಿಕೊಂಡರೆ ಆಧಾರವೇ ಮಸುಕಾಗುತ್ತದೆ. ಯಾವ ಕೇರಿಯಲ್ಲಿ, ಯಾವ ಸಂದರ್ಭದಲ್ಲಿ, ಯಾರೆದುರು ಹಾಡಿದ್ದು ಎಂಬುದು ಪಠ್ಯದ ಅರ್ಥಕ್ಕೆ ಸೇರಿದ್ದು. ಗದ್ದೆಯಲ್ಲಿ ನೆಟ್ಟಿ ಮಾಡುತ್ತ ಹಾಡಿದ ಹಾಡಿಗೂ ಸಂಗ್ರಾಹಕರ ಕೋರಿಕೆಯ ಮೇಲೆ ಜಗಲಿಯಲ್ಲಿ ಕೂತು ಹಾಡಿದ್ದಕ್ಕೂ ಭೇದವಿರುತ್ತದೆ. ಹೀಗಾಗಿ ಕ್ಷೇತ್ರಕಾರ್ಯದ ಬರಹದಲ್ಲಿ ಉತ್ತಮ ಪುರುಷ ಆಡಂಬರವಲ್ಲ, ಸಾಕ್ಷ್ಯ. ಅದೇ ಕಾರಣಕ್ಕೆ ಹಾಡಿದವರ ಹೆಸರನ್ನು ಬಿಟ್ಟ ಸಂಕಲನ ಎಷ್ಟೇ ದೊಡ್ಡದಾಗಿದ್ದರೂ ಆ ಮಟ್ಟಿಗೆ ಅಪೂರ್ಣ.

ವಿಮರ್ಶೆಯ ಬರಹಕ್ಕೆ ಮಹಾಪ್ರಬಂಧದ, ವಿಶ್ವಕೋಶದ ಬಿಗಿ ಅನ್ವಯಿಸುವುದಿಲ್ಲ. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿದ್ದು ಬರೆದ ಗೌರೀಶ ಕಾಯ್ಕಿಣಿಯವರ (1912–2002) ವಿಚಾರ ಸಾಹಿತ್ಯ ವಿಶ್ವವಿದ್ಯಾಲಯದ ಪ್ರಬಂಧದ ಚೌಕಟ್ಟಿನ ಹೊರಗೆ ಬೆಳೆದದ್ದು.

ಉಪಯೋಗ

ಲೇಖಕ ಸಾನ್ನಿಧ್ಯದ ಅಧ್ಯಯನ ಮುಖ್ಯವಾಗಿ ಬರವಣಿಗೆಯ ಬೋಧನೆ, ಅನುವಾದ ಮತ್ತು ಸಂಪಾದನೆಯಲ್ಲಿ ಬಳಕೆಯಾಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಪ್ರತಿ ‘ಐ’, ‘ವೀ’ಗೂ ‘ನಾನು’, ‘ನಾವು’ ಎಂದು ಇಟ್ಟರೆ ಲೇಖಕರು ಮೂಲಕ್ಕಿಂತ ಹೆಚ್ಚು ಎದ್ದು ಕಾಣುತ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ‘ಎನ್ನಬಹುದು’ವಿನ ಒಡೆಯರು ಯಾರೆಂದು ಅನುವಾದಕರು ನಿರ್ಧರಿಸಲೇಬೇಕು. ಅನಾಮಿಕ ಕೃತಿಗಳ ಕರ್ತೃವನ್ನು ಗುರುತಿಸುವ ಶೈಲಿ ವಿಶ್ಲೇಷಣೆಗೂ ಈ ಸೂಚಕಗಳು ಆಧಾರವಾಗುತ್ತವೆ.

ಇಂದಿನ ಸ್ಥಿತಿ

ಹೊನ್ನಾವರದ ಎಸ್. ಡಿ. ಎಂ. ಕಾಲೇಜು, ಕುಮಟೆಯ ಡಾ. ಎ. ವಿ. ಬಾಳಿಗಾ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. 1919ರಲ್ಲಿ ಆರಂಭವಾದ ಭಟ್ಕಳದ ಅಂಜುಮನ್ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದೆ. ಮನೆಯಲ್ಲಿ ಕೊಂಕಣಿ, ನವಾಯತಿ, ಉರ್ದು, ಹವ್ಯಕ, ಹಾಲಕ್ಕಿ ಕನ್ನಡ ಆಡುವ ವಿದ್ಯಾರ್ಥಿಗಳು ಎಂಜಿನಿಯರಿಂಗ್ ವರದಿಯನ್ನು ಇಂಗ್ಲಿಷಿನಲ್ಲೂ ಕನ್ನಡ ವಿಭಾಗದ ಪ್ರಬಂಧವನ್ನು ಶಿಷ್ಟ ಕನ್ನಡದಲ್ಲೂ ಬರೆಯುತ್ತಾರೆ. ಎರಡೂ ಅವರಿಗೆ ಕಲಿತು ಬಂದ ದನಿಗಳು. ಕನ್ನಡದಲ್ಲಿ ಸಂಶೋಧನೆಯ ವಿಧಾನವನ್ನೇ ಕುರಿತು ಬರೆದವರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಎಂ. ಎಂ. ಕಲಬುರ್ಗಿ ಪ್ರಮುಖರು, 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕನ್ನಡ ಮಾಧ್ಯಮದ ಸಂಶೋಧನೆಯ ಕ್ಷೇತ್ರವನ್ನು ವಿಸ್ತರಿಸಿದೆ.

ಮಹಾಪ್ರಬಂಧಗಳು ‘ಶೋಧಗಂಗಾ’ ಜಾಲಭಂಡಾರದಲ್ಲಿ ಎಲ್ಲರಿಗೂ ಸಿಗುವಂತಾದ ಮೇಲೆ ಸ್ವಂತ ಮಾತು ಮತ್ತು ಎರವಲು ಮಾತಿನ ಗೆರೆ ಸಾರ್ವಜನಿಕ ಪರೀಕ್ಷೆಗೆ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿ ಕೃತಿಚೌರ್ಯವನ್ನು ಹೋಲಿಕೆಯ ಪ್ರಮಾಣದ ಮೇಲೆ ವಿಂಗಡಿಸುತ್ತದೆ: ಶೇ 10ರವರೆಗೆ ದಂಡನೆಯಿಲ್ಲ, ಅದರ ಮೇಲೆ ಶೇ 40, ಶೇ 60 ಎಂಬ ಗಡಿಗಳಿಂದ ಮೂರು ಹಂತಗಳು. ಹೆಸರು ಮರೆಸಿ ಪರಾಮರ್ಶೆಗೆ ಕಳುಹಿಸುವ ಪತ್ರಿಕೆಗಳಲ್ಲಿ ಲೇಖಕರು ತಮ್ಮ ಹಿಂದಿನ ಲೇಖನವನ್ನು ಪರರದೆಂಬಂತೆ ಉಲ್ಲೇಖಿಸಬೇಕಾಗುತ್ತದೆ. ಯಂತ್ರವೇ ಗದ್ಯ ರಚಿಸಬಲ್ಲ ತಂತ್ರಾಂಶಗಳು ಬಂದ ಮೇಲೆ, 2023ರಿಂದ ‘ನೇಚರ್’ ಮೊದಲಾದ ಪತ್ರಿಕೆಗಳು ಅಂಥ ತಂತ್ರಾಂಶವನ್ನು ಲೇಖಕನೆಂದು ಒಪ್ಪುವುದಿಲ್ಲವೆಂದು ಪ್ರಕಟಿಸಿವೆ. ಬರಹಕ್ಕೆ ಹೊಣೆಯಾಗುವುದು ಅದಕ್ಕೆ ಸಾಧ್ಯವಿಲ್ಲ ಎಂಬುದು ಅವು ಕೊಟ್ಟ ಕಾರಣ. ಕನ್ನಡ ಮಹಾಪ್ರಬಂಧದಲ್ಲಿ ಈ ಹೊಣೆಯನ್ನು ಹೊರುವ ಜಾಗ ಆರಂಭದ ‘ಘೋಷಣೆ’. ಇದು ಸ್ವಂತ ಕೃತಿ, ಬೇರೆ ಯಾವ ಪದವಿಗೂ ಸಲ್ಲಿಸಿದ್ದಲ್ಲ ಎಂದು ಉತ್ತಮ ಪುರುಷದಲ್ಲಿ ಹೇಳಿ, ಸ್ಥಳ ಮತ್ತು ದಿನಾಂಕ ನಮೂದಿಸಿ, ಸಂಶೋಧನಾರ್ಥಿ ಅಲ್ಲಿ ಸಹಿ ಹಾಕುತ್ತಾರೆ.